ಹಾರ್ನ್ ಹೊಡೆದು ತಿಂಡಿ ಕೇಳುತ್ತಿದ್ದವರು

ಅವರ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಯ. ರಸ್ತೆ ಕೆಲಸದಲ್ಲಿ ಡಾಂಬರು ಹಾಸುವ ಪೇವರ್ ಯಂತ್ರ ಮುಂದೆ ಹೋಗುತ್ತದೆ. ಹಾಸಿದ್ದನ್ನು ತುಳಿದು ಗಟ್ಟಿ ಮಾಡುವ ರೋಲರ್ ಅದರ ಹಿಂದೆ ಹೋಗುತ್ತದೆ. ಪೇವರ್ ಓಡಿಸುತ್ತಿದ್ದವರು ಅವರು, ರೋಲರ್ ನನ್ನದು. ಆಲೂರು, ಸಕಲೇಶಪುರದ ಏರು ಇಳಿವು ತಿರುವುಗಳಲ್ಲೆಲ್ಲ ನಾನು ವರ್ಷಗಟ್ಟಲೆ ನೋಡಿದ್ದು ಮಾಸಿದ ನೀಲಿ ಅಂಗಿಯ ಆ ಬೆನ್ನನ್ನು ಮತ್ತು ಅದರ ಮೇಲಿನ ಕೆಂಪು ಟವೆಲನ್ನು. ನನ್ನ ಹೆಂಡತಿಯ ಮುಖವನ್ನು ಅದರ ಅರ್ಧ ಹೊತ್ತು ನೋಡಿದ್ದರೂ ನಮ್ಮ ಮನೆಯಲ್ಲಿ ಇಷ್ಟೊತ್ತಿಗೆ ಶಾಂತಿ ನೆಲೆಸಿರುತ್ತಿತ್ತು.

ನೋಡಿ ನೋಡಿ ಆ ಬೆನ್ನನ್ನು ಓದುವುದೂ ಬಂದಿತ್ತು. ಟವೆಲು ಬಲಭುಜದಿಂದ ಎಡಭುಜಕ್ಕೆ ಹಾರಿದರೆ ಟಿಪ್ಪರಿನಲ್ಲಿ ಬಂದ ಮಾಲು, ಅಂದರೆ ಡಾಂಬರು ಬೆರೆಸಿದ ಬಿಸಿ ಜಲ್ಲಿ, ದಾರಿಯಲ್ಲೇ ತಣ್ಣಗಾಗಿದೆ, ಆ ಡ್ರೈವರಿಗೆ ಮಂಗಳಾರತಿ ಕಾದಿದೆ ಎಂದರ್ಥ. ತಲೆ ಒಂದೇ ಸಮ ಅಲ್ಲಾಡುತ್ತಿದ್ದರೆ ಮನಸ್ಸಿನಲ್ಲಿ ಯಾವುದೋ ಹಳೆಯ ಹಾಡು ಓಡುತ್ತಿದೆ. ಬೆನ್ನು ಮೇಲೆ ಕೆಳಗೆ ಕುಲುಕಿದರೆ, ಕೆಳಗೆ ನಿಂತ ಯಾರಿಗೋ ದೊಡ್ಡ ಸುಳ್ಳೊಂದನ್ನು ಹೇಳಿ ಅವರು ಒಳಗೊಳಗೇ ನಗುತ್ತಿದ್ದಾರೆ. ಈ ಮೂರನೆಯದೇ ಹೆಚ್ಚು.

ಸಕಲೇಶಪುರ ಪೇಟೆಯವರು. ಅವರ ತಂದೆ ಕಾಫಿ ಮೂಟೆ ಸಾಗಿಸುವ ಲಾರಿ ಓಡಿಸುತ್ತಿದ್ದರಂತೆ. ನಮ್ಮ ಗ್ಯಾಂಗಿನವರೆಲ್ಲ ಅವರನ್ನು ಭಾಯ್ ಎನ್ನುತ್ತಿದ್ದೆವು. ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಅದು ಅವರದೇ ಅಪ್ಪಣೆ. ನಿಮ್ಮ ಬಗ್ಗೆ ನಾಲ್ಕು ಸಾಲು ಬರೆಯಬೇಕು ಅಂತಿದೀನಿ ಎಂದಾಗ ಹೇಳಿದರು: "ಬರಿ, ಆದ್ರೆ ಹೆಸ್ರು ಹಾಕ್ಬೇಡ ಮಾರಾಯ. ನಾನ್ ಹೇಳಿರೋ ಸುಳ್ಳೆಲ್ಲ ಒಂದೇ ಕಡೆ ಸೇರ್ಬುಟ್ರೆ ಊರೋರು ತಾಳೆ ನೋಡ್ತಾರೆ."

ಅವರು ಹೇಳಿದ್ದು ಸರಿ. ಅವರ ಎಡಗೈ ಕಿರುಬೆರಳೊಂದಕ್ಕೇ ಎಷ್ಟು ಕತೆ ಇದ್ದವೋ! ಅದರ ಮೇಲಿನ ಅರ್ಧ ಇರಲಿಲ್ಲ. ಕೇಳಿದವರಿಗೆಲ್ಲ ಹೊಸ ಉತ್ತರ. ಎಡಕುಮೇರಿ ಸ್ಟೇಷನ್ನಿನಲ್ಲಿ ಕೋತಿಯೊಂದು ಬನ್ನು ಕಿತ್ತುಕೊಂಡು ಹೋಯಿತು, ಬನ್ನಿನ ಜೊತೆ ಬೆರಳೂ ಹೋಯಿತು ಎಂದು ಒಬ್ಬರಿಗೆ. ಹೇಮಾವತಿಯಲ್ಲಿ ಈಜುವಾಗ ಮೀನು ಕಚ್ಚಿತು, ಆ ಮೀನನ್ನು ಹಿಡಿದು ಸಾರು ಮಾಡಿ ಸೇಡು ತೀರಿಸಿಕೊಂಡೆ ಎಂದು ಇನ್ನೊಬ್ಬರಿಗೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರು ತುಂಬಾ ಗಂಭೀರವಾಗಿ ವಿಚಾರಿಸಿದಾಗ, "ಸಾರ್, ಹುಟ್ಟುವಾಗ್ಲೇ ಅರ್ಧ. ನಮ್ಮಪ್ಪ ಉಳಿದರ್ಧ ಬರ್ತದೆ ಅಂತ ಕಾಯ್ತಾ ಕಾಯ್ತಾ ಹೋಗ್ಬುಟ್ರು" ಎಂದಿದ್ದರು. ರೈಟರು ಪಾಪ, ಅಪ್ಪ ತೀರಿಕೊಂಡದ್ದಕ್ಕೆ ಸಂತಾಪ ಸೂಚಿಸಿ ಹೋದರು. ಮುಂದೆ ಬೆನ್ನು ಕುಲುಕುತ್ತಿತ್ತು.

ಇಂಥ ಮನುಷ್ಯ ಕೆಲಸದ ಒಂದು ವಿಷಯದಲ್ಲಿ ಮಾತ್ರ ತಮಾಷೆಯನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಆದರೆ ಆ ವಿಷಯವೇ ನೋಡುವವರಿಗೆ ದೊಡ್ಡ ತಮಾಷೆಯಾಗಿ ಕಾಣುತ್ತಿತ್ತು, ಅದು ಅವರ ಗ್ರಹಚಾರ.

ಪೇವರಿನ ಮುಂಭಾಗದಲ್ಲಿ ದೊಡ್ಡ ತೊಟ್ಟಿಯಿದೆ, ಹಾಪರ್ ಅನ್ನುತ್ತಾರೆ. ಟಿಪ್ಪರ್ ಹಿಮ್ಮುಖವಾಗಿ ಬಂದು ಅದಕ್ಕೆ ಮಾಲು ಸುರಿಯಬೇಕು. ತೊಟ್ಟಿಯ ಎರಡೂ ಬದಿಗೆ ರೆಕ್ಕೆಗಳಿವೆ, ಅಂಚಿನ ಮಾಲನ್ನು ಒಳಗೆ ದೂಡಲು ಅವು ಮಡಚಿಕೊಂಡು ಮೇಲೇಳುತ್ತವೆ. ಹಿಂದೆ ಡಾಂಬರನ್ನು ಸಮ ಮಾಡುವ ಕಾದ ಹಲಗೆ, ಅಕ್ಕಪಕ್ಕ ರೇಕು ಹಿಡಿದು ಅಂಚು ತಿದ್ದುವವರು, ಅದರ ಹಿಂದೆ ನಾನು. ಎತ್ತರದ ಸೀಟಿನಲ್ಲಿ ಕೂತವರಿಗೆ ಇಷ್ಟು ಜನರಲ್ಲಿ ಯಾರು ಎಲ್ಲಿದ್ದಾರೆ ಎಂಬುದು ಪೂರ್ತಿ ಕಾಣುವುದಿಲ್ಲ. ನಮ್ಮ ಕಡೆ ಮಂಜು ಇಳಿದರಂತೂ ಸೀಟಿನಲ್ಲಿ ಕೂತವರ ಮೂಗೇ ಅವರಿಗೆ ಕಾಣದು.

ಬೇರೆ ಕಡೆ ಏನು ಮಾಡುತ್ತಾರೆ? ಆಪರೇಟರ್ "ರೈಟಾ?" ಎನ್ನುತ್ತಾನೆ. ಯಾವನೋ ಒಬ್ಬ "ರೈಟ್ ರೈಟ್" ಎನ್ನುತ್ತಾನೆ. ಯಂತ್ರ ಹೊರಡುತ್ತದೆ. ಭಾಯ್ ಸೈಟಿನಲ್ಲಿ "ರೈಟ್" ಎಂದರೆ ಕೆಟ್ಟ ಬೈಗುಳ ಬೈದಂತೆ. "ಬಸ್ ಕಂಡಕ್ಟ್ರೇನೋ ನೀನು? ಟಿಕೆಟ್ ಕೊಡೋ ಹಾಗಿದ್ರೆ ಹೇಳು" ಎಂದು ಅಲ್ಲೇ ಇಳಿಸಿಬಿಡುತ್ತಿದ್ದರು.

ಅವರ ಪದ್ಧತಿಯೇ ಬೇರೆ. ಎಂಜಿನ್ ಸಣ್ಣಗೆ ಇಟ್ಟು, ಹಾರ್ನ್ ಹೊಡೆದು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗುತ್ತಿದ್ದರು: "ಏನ್ ತಿಂದೆ?"

ಹೆಸರು ಕರೆಸಿಕೊಂಡವನು ತಾನಿರುವ ಜಾಗದಿಂದಲೇ ಕೂಗಿ ಹೇಳಬೇಕು. ಎಡಗಡೆ ರೇಕಿನ ಚಂದ್ರು, "ಅಕ್ಕಿರೊಟ್ಟಿ!" ಬಲಗಡೆ ರೇಕಿನ ಲೋಕೇಶ, "ಚಿತ್ರಾನ್ನ, ಎರಡ್ ಸಲ!" ಹಲಗೆಯ ಹತ್ತಿರದವರು, ಟಿಪ್ಪರಿಗೆ ಬರ್ಲಿ ಬರ್ಲಿ ಎನ್ನುವವನು, ಎಲ್ಲರದೂ ಮುಗಿದು ಕೊನೆಗೆ ನನ್ನದು. ನಾನು ಹೇಳಿದ ಮೇಲೆ ನಾನೇ ತಿರುಗಿ ಕೇಳಬೇಕು: "ನಿಮ್ದು ಭಾಯ್?" ಅವರು ತಮ್ಮದನ್ನು ಹೇಳುತ್ತಿದ್ದರು. ಆಮೇಲೆಯೇ ಚಕ್ರ ಉರುಳುವುದು. ಬೆಳಿಗ್ಗೆ ಒಂದು ಸಲವಲ್ಲ, ಯಂತ್ರ ನಿಂತು ಮತ್ತೆ ಹೊರಡುವಾಗಲೆಲ್ಲ. ಮಧ್ಯಾಹ್ನದ ಮೇಲೆ ಊಟದ ಪಾಳಿ.

ಊರೂರಲ್ಲೂ ಜನ ಬಿದ್ದು ಬಿದ್ದು ನಗುತ್ತಿದ್ದರು. ನಮ್ಮಲ್ಲಿ ತಿಂಡಿ ಆಯ್ತಾ ಎಂದು ಕೇಳುವುದು ನಮಸ್ಕಾರವಿದ್ದಂತೆ, ಅದಕ್ಕೆ ಯಾರೂ ನಿಜ ಹೇಳಬೇಕಾಗಿಲ್ಲ. ಭಾಯ್‌ಗೆ ನಿಜವೇ ಬೇಕಿತ್ತು. ನಾನು ಹೊಸದರಲ್ಲಿ ರೇಗಿ ಕೇಳಿದ್ದೆ, ಇದೇನು ಭಾಯ್, ರಸ್ತೆ ಮಾಡ್ತಿದೀವೋ ಹೋಟ್ಲು ಇಟ್ಟಿದೀವೋ ಅಂತ. ಅವರು ಸಮಾಧಾನವಾಗಿ ಹೇಳಿದರು:

"ನೋಡು, ಇದೀಯಾ ಅಂತ ಕೇಳಿದ್ರೆ ಯಾರ್ ಬೇಕಾದ್ರೂ ಇದೀನಿ ಅಂತಾರೆ. ಒಬ್ಬನ ಬದ್ಲು ಇನ್ನೊಬ್ಬನೂ ಅಂತಾನೆ. ಏನ್ ತಿಂದೆ ಅಂದ್ರೆ ತಿಂದೋನೇ ಹೇಳ್ಬೇಕು. ತಿನ್ನದೇ ಬಂದೋನು ಈ ಬಿಸೀಲಿ ತಲೆ ತಿರುಗಿ ಬೀಳ್ತಾನೆ, ಅದೂ ಗೊತ್ತಾಗ್ತದೆ. ರಾತ್ರಿ ಕುಡ್ದಿದ್ದೋನು ನೆನೆಸ್ಕೊಳ್ಳೋಕೆ ಒಂದ್ ಗಳಿಗೆ ತಗೋತಾನೆ, ಅದೂ ಗೊತ್ತಾಗ್ತದೆ. ದನಿ ಎಲ್ಲಿಂದ ಬಂತು ಅಂತ್ಲೂ ಗೊತ್ತಾಗ್ತದೆ. ಒಂದೇ ಪ್ರಶ್ನೆ ಮಾರಾಯ. ಇನ್ನೇನ್ ಬೇಕು?"

ಮಾತು ಸರಿಯಿತ್ತು, ಅದರಿಂದ ಇನ್ನೂ ಸಿಟ್ಟು ಬಂತು. ಮರುದಿನದಿಂದ ನಾನೂ ಕೂಗತೊಡಗಿದೆ.

ಊರಿನವರನ್ನು ಯಂತ್ರದಿಂದ ದೂರ ಇಡಲು ಅವರ ಉಪಾಯ ಮಾತ್ರ ಅಪ್ಪಟ ಸುಳ್ಳು. ಡಾಂಬರು ಬಂತೆಂದರೆ ಊರಿಗೆ ಊರೇ ಬಂದು ಪೇವರಿಗೆ ಅಂಟಿಕೊಂಡು ನಿಲ್ಲುತ್ತದೆ. ಗದರಿದರೆ ಯಾರು ಕೇಳುತ್ತಾರೆ? ರಸ್ತೆ ಅವರದು. ಕೆ. ಹೊಸಕೋಟೆಯ ಆಚೆ ಒಂದು ಹಳ್ಳಿಯಲ್ಲಿ ಹಿರಿಯ ಗೌಡರೊಬ್ಬರು ಬಿಳಿ ಪಂಚೆ ಎತ್ತಿ ಕಟ್ಟಿ ಹಾಪರಿನ ಪಕ್ಕಕ್ಕೇ ಬಂದು, "ನಮ್ ಮನೆ ಮುಂದೆ ಒಂಚೂರು ದಪ್ಪ ಹಾಕಪ್ಪ" ಎಂದರು. ಭಾಯ್ ಯಂತ್ರ ನಿಲ್ಲಿಸಿ, ಬಗ್ಗಿ, ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು:

"ಹಾಕ್ತೀನಿ ಗೌಡ್ರೇ. ಆದ್ರೆ ಒಂದ್ ಮಾತು. ಇದು ಹೊಸ ನಮೂನೆ ಮಿಷನ್ನು. ಜನ ಹತ್ರ ಬಂದಷ್ಟೂ ಡಾಂಬ್ರು ತೆಳ್ಳಗೆ ಬೀಳ್ತದೆ. ಹತ್ತು ಮಾರು ಆಚೆ ನಿಂತ್ರೆ ದಪ್ಪ."

"ಹೌದಾ?"

"ಮೈ ಶಾಖ ಕಣ್ರೀ. ಮಿಷನ್‌ಗೆ ತಪ್ಪು ಲೆಕ್ಕ ಹೋಗ್ಬುಡ್ತದೆ."

ಗೌಡರು ಹಿಂದೆ ಸರಿದದ್ದಷ್ಟೇ ಅಲ್ಲ, ಒಂದು ಕೋಲು ಹಿಡಿದು ಇಡೀ ಊರನ್ನೇ ಹಿಂದಕ್ಕೆ ಅಟ್ಟಿದರು. "ಲೇ, ಯಾವನಾದ್ರೂ ಹತ್ರ ಹೋದ್ರೆ ಕಾಲ್ ಮುರೀತೀನಿ, ರೋಡ್ ತೆಳ್ಳಗಾಗ್ತೈತೆ!" ಅಷ್ಟು ನೆಮ್ಮದಿಯಾಗಿ ನಾವು ಎಲ್ಲೂ ಕೆಲಸ ಮಾಡಿರಲಿಲ್ಲ. ಆಮೇಲೆ ಆ ಸುಳ್ಳು ನಮಗಿಂತ ಮುಂಚೆ ಊರಿಂದೂರಿಗೆ ಹೋಗತೊಡಗಿತು. ನಾವು ಹೋಗುವ ಹೊತ್ತಿಗೆ ಜನ ತಾವಾಗಿಯೇ ದೂರ ನಿಂತು, ತೀರಾ ಹತ್ತಿರ ಹೋದ ನೆಂಟರನ್ನು ಬೈಯುತ್ತಿದ್ದರು.

ಇನ್ನು ಗೌರಕ್ಕ. ನಮ್ಮ ಕ್ಯಾಂಪಿನ ಅಡುಗೆಯವಳು. ಕೈ ಧಾರಾಳ, ಬಾಯಿ ಅದಕ್ಕಿಂತ ಧಾರಾಳ. ಹೋದ ಚಳಿಗಾಲದಲ್ಲಿ ಹೊಸಕೋಟೆ ಕಡೆಯ ಕೆಲಸ ಶುರುವಾದ ಹೊಸದರಲ್ಲಿ ಲೋಕೇಶ ಒಂದು ಬೆಳಿಗ್ಗೆ ತನ್ನ ಪಾಳಿ ಬಂದಾಗ "ಉಪ್ಪಿಟ್ಟು! ಬರೀ ಗಂಟು!" ಎಂದು ಕೂಗಿಬಿಟ್ಟ. ಹಾಲು ಹಾಕಲು ಬಂದಿದ್ದ ಹೆಂಗಸರು ಕೇಳಿಸಿಕೊಂಡರು. ಸಂಜೆಗೆ ಹೊಸಕೋಟೆ ಅಂಗಡಿಯಲ್ಲಿ ಗೌರಕ್ಕ ರವೆ ಕೊಳ್ಳಲು ಹೋದರೆ ಅಂಗಡಿಯವನು, "ಗಂಟಿಲ್ಲದ್ದು ಕೊಡ್ಲಾ?" ಎಂದನಂತೆ.

ಮರುದಿನ ಅವಳು ಸೌಟು ಹಿಡಿದು ಪೇವರಿನ ಮುಂದೆಯೇ ನಿಂತಳು. "ಭಾಯ್, ಈ ಮಿಷನ್ನು ಇವತ್ತು ನನ್ ಮೇಲೇ ಹೋಗ್ಲಿ. ನನ್ ಮಾನ ಹರಾಜಾಗ್ತೈತೆ. ಇನ್ಮೇಲೆ ಏನ್ ತಿಂದ್ರಿ ಅಂತ ಮಾತ್ರ ಹೇಳ್ಬೇಕು. ಹೆಂಗಿತ್ತು ಅಂತ ಯಾವನೂ ಬಾಯಿ ಬಿಡಂಗಿಲ್ಲ!"

ಯಂತ್ರದ ಮುಂದೆ ಮನುಷ್ಯರು ನಿಂತದ್ದನ್ನು ಕಂಡು ಭಾಯ್‌ಗೆ ಕೈಕಾಲು ಆಡಲಿಲ್ಲ. ತಕ್ಷಣ ಒಪ್ಪಿಕೊಂಡರು. ಅವತ್ತಿನಿಂದ ಹಾರ್ನ್ ಹೊಡೆದರೆ ಎಲ್ಲ ಕಡೆಯಿಂದಲೂ ಒಂದೇ ಪದ ಬರತೊಡಗಿತು. ಉಪ್ಪಿಟ್ಟು, ಉಪ್ಪಿಟ್ಟು, ಉಪ್ಪಿಟ್ಟು. ಊರ ಹತ್ತಿರದ ಕೆಲಸಗಳಲ್ಲಿ ಅವರವರ ಮನೆ ತಿಂಡಿ, ಇಲ್ಲಿ ಎಲ್ಲರೂ ಕ್ಯಾಂಪಿನ ಒಂದೇ ಪಾತ್ರೆಯಿಂದ ತಿಂದ ಮೇಲೆ ಬೇರೆ ಏನು ಬಂದೀತು? ಯಾರ ಬದಲು ಯಾರು ಕೂಗಿದರೂ ನಡೆಯುವ ಹಾಗಾಯಿತು. ಭಾಯ್‌ಗೆ ಇದು ಸರಿಬರಲಿಲ್ಲ. ಗೌರಕ್ಕನ ಸೌಟಿಗೆ ಎದುರಾಡುವ ಧೈರ್ಯವೂ ಇರಲಿಲ್ಲ. ಹಾಗಾಗಿ ಅವರು ಬೆಳಗಾಗುವಾಗ ಅಡುಗೆ ಶೆಡ್ಡಿನ ಒಲೆಯ ಪಕ್ಕ ಬಂದು ಕೂರತೊಡಗಿದರು. ಯಾರು ಏನು ತಿನ್ನುತ್ತಾರೆ, ಯಾರು ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ ಎಂದು ನೋಡುತ್ತಿದ್ದರು. ರಂಜಾನ್ ಬಂದ ಮೇಲೂ ಈ ಕೆಲಸ ಬಿಡಲಿಲ್ಲ. ತಾವು ನಸುಕಿನಲ್ಲೇ ಎದ್ದು ಒಂದಿಷ್ಟು ತಿಂದು ರೋಜಾ ಉಪವಾಸ ಹಿಡಿದು, ಆಮೇಲೆ ನಮ್ಮ ಬಾಯಿಗಳನ್ನು ಕಾಯುತ್ತಾ ಕೂರುತ್ತಿದ್ದರು. "ನೀವು ಹಿಂಗ್ ನೋಡ್ತಾ ಕೂತ್ರೆ ನಮ್ಗೆ ಹೊಟ್ಟೆನೋವು ಬರ್ತೈತೆ ಭಾಯ್" ಎಂದು ಲೋಕೇಶ ಕಾಡಿಸುತ್ತಿದ್ದ. "ಬರ್ಲಿ, ನಂಗೂ ಕಂಪ್ನಿ ಆಗ್ತದೆ" ಎನ್ನುತ್ತಿದ್ದರು.

ಅದು ಅವರ ಕೊನೆಯ ಕೆಲಸ. ಮೊಣಕಾಲು ಹೋಗಿತ್ತು, ಸೀಟು ಹತ್ತುವಾಗ ಕಟಕಟ ಸದ್ದು ನನ್ನ ರೋಲರಿನವರೆಗೆ ಕೇಳಿಸುತ್ತಿತ್ತು ಎಂದರೆ ಸ್ವಲ್ಪ ಹೆಚ್ಚಾದೀತು, ಆದರೆ ಅವರ ಜೊತೆ ಇದ್ದು ಇದ್ದು ನನಗೂ ಅಷ್ಟು ಅಭ್ಯಾಸ ಬಂದಿದೆ. ಈ ರಸ್ತೆ ಮುಗಿಸಿ ಮನೆಗೆ ಹೋಗುತ್ತೇನೆ ಎಂದು ಎಲ್ಲರಿಗೂ ಹೇಳಿದ್ದರು. ಒಂದು ಸಂಜೆ ಯಂತ್ರ ಒರೆಸುತ್ತಾ ನನ್ನೊಬ್ಬನಿಗೆ ಇನ್ನೊಂದು ಮಾತನ್ನೂ ಹೇಳಿದರು: "ಇಷ್ಟ್ ವರ್ಷದಲ್ಲಿ ನನ್ ಮಿಷನ್ನಿಂದ ಯಾರ ಮನೇಗೂ ಕೆಟ್ಟ ಸುದ್ದಿ ಹೋಗಿಲ್ಲ ಕಣೋ. ಇನ್ನು ಉಳಿದಿರೋದು ಆ ತಿರುವಿಂದ ಈ ತಿರುವಿಗೆ. ಅಷ್ಟು ದಾಟ್ಬುಟ್ರೆ ಸಾಕು. ದೇವ್ರು ಬೇರೇನೂ ಕೊಡೋದು ಬೇಡ." ಬೆನ್ನು ಕುಲುಕಲಿಲ್ಲ. ಆಮೇಲೆ ಅವರಿಗಿಂತ ಹೆಚ್ಚಾಗಿ ನಾನೇ ಆ ತಿರುವನ್ನು ನೋಡುತ್ತಿದ್ದೆ.

ಆ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಪಕ್ಕದ ಎಸ್ಟೇಟಿನ ಸಿಲ್ವರ್ ಓಕ್ ಮರಗಳೂ ಕಾಣುತ್ತಿರಲಿಲ್ಲ. ಸಾಮಾನ್ಯವಾಗಿ ಬಿಸಿಲೇರಿದ ಮೇಲೆ ಶುರು ಮಾಡುವುದು. ಅವತ್ತು ಮೊದಲ ಟಿಪ್ಪರ್ ಬೇಗ ಬಂದುಬಿಟ್ಟಿತ್ತು. ಮಾಲು ಕಾಯುವುದಿಲ್ಲ, ತಣ್ಣಗಾದರೆ ಕಲ್ಲಾಗುತ್ತದೆ, ಒಂದು ಲೋಡು ಪೂರ್ತಿ ರಸ್ತೆ ಬದಿಗೆ ಚೆಲ್ಲಬೇಕು. ಪೇವರಿನ ಎಂಜಿನ್ ಬಿಸಿಯಾಗಲಿ ಎಂದು ಆಗಲೇ ಚಾಲೂ ಮಾಡಿ ಬಿಟ್ಟಿದ್ದರು. ಟಿಪ್ಪರ್ ಹಿಮ್ಮುಖ ಬಂದು ಹಾಪರಿನ ಎದುರು ನಿಂತಿತು. ಡ್ರೈವರ್ ಮಾಲಿನ ಡಬ್ಬ ಎತ್ತಲು ಕೈ ಲಿವರಿನ ಮೇಲೆ ಇಟ್ಟುಕೊಂಡು ಕೂತಿದ್ದ.

ಭಾಯ್ ಹಾರ್ನ್ ಹೊಡೆದರು. "ಚಂದ್ರು, ಏನ್ ತಿಂದೆ?"

ಮಂಜಿನೊಳಗಿಂದ ಚಂದ್ರುವಿನಂಥದೇ ಸಣ್ಣ ದನಿ ಬಂತು. "ಉಪ್ಪಿಟ್ಟು!"

ನಾನು ಮುಂದಿನ ಹೆಸರಿಗೆ ಕಾಯುತ್ತಿದ್ದೆ. ಹೆಸರು ಬರಲಿಲ್ಲ. ಎಂಜಿನ್ ನಿಂತಿತು. ಮರದಿಂದ ಇಬ್ಬನಿ ತೊಟ್ಟಿಕ್ಕುವುದು ಕೇಳಿಸಿತು.

"ಚಂದ್ರು ಉಪ್ಪಿಟ್ಟು ತಿಂದಿಲ್ಲ" ಎಂದರು ಭಾಯ್.

ಸೀಟಿನಿಂದಲೇ ಬಗ್ಗಿ ಬಲಗಡೆಗೆ ನೋಡಿದರು. "ಹೊಟ್ಟೆ ಕೆಟ್ಟು ರಾತ್ರಿಯೆಲ್ಲ ಓಡಾಡವ್ನೆ. ಗೌರಕ್ಕ ಅವ್ನಿಗೆ ಗಂಜಿ ಕೊಟ್ಲು, ನನ್ ಕಣ್ಣೆದುರಿಗೇ. ಉಪ್ಪಿಟ್ಟು ಅಂತ ಕೂಗಿದ್ಯಾರು?"

ಬಲಗಡೆಯಿಂದ ಲೋಕೇಶ ನಿಧಾನಕ್ಕೆ ಮುಂದೆ ಬಂದ. "ನಾನೇ ಭಾಯ್. ಅವ್ನು ಗಿಡದ್ ಕಡೆ ಹೋಗವ್ನೆ, ಬರ್ತಾನೆ. ಎಲ್ರೆದುರು ಗಂಜಿ ಅಂತ ಕೂಗಿದ್ರೆ ನಗ್ತಾರೆ ಅಂತ ನಾಚ್ಕೋತಿದ್ದ. ಅದಕ್ಕೇ ನಾನೇ..."

ನಿಜ ಹೇಳಬೇಕೆಂದರೆ ನಮಗೆಲ್ಲ ನಗು ಬಂತು. ಲೋಕೇಶ ಮಾಡಿದ್ದು ಕೆಟ್ಟ ಕೆಲಸ ಎಂದು ಯಾರಿಗೂ ಅನ್ನಿಸಲಿಲ್ಲ. ಗೆಳೆಯನ ಹೊಟ್ಟೆಯ ಮಾನ ಉಳಿಸಿದ್ದ, ಅಷ್ಟೇ. ಟಿಪ್ಪರಿನವನು ಹಾರ್ನ್ ಹೊಡೆದ. ನಾನೂ ಕೂಗಿದೆ: "ಬರ್ತಾನಂತೆ ಭಾಯ್, ಶುರು ಮಾಡಿ! ಮಾಲು ಕಲ್ಲಾಗ್ತೈತೆ!"

"ಎಲ್ಲವ್ನೆ ಅಂತ ಕಣ್ಣಲ್ಲಿ ನೋಡೋವರ್ಗೂ ಇಲ್ಲ."

ಗಿಡದ ಕಡೆ ಮುಖ ಮಾಡಿ ಎಲ್ಲರೂ ಚಂದ್ರು, ಚಂದ್ರು ಎಂದು ಕೂಗಿದೆವು. ಒಂದು ಹಕ್ಕಿ ಮಾತ್ರ ಹಾರಿಹೋಯಿತು. ಲೋಕೇಶ ಬೇಲಿ ದಾಟಿ ಓಡಿದ. ಅಷ್ಟರಲ್ಲಿ ಭಾಯ್ ಆ ಹಾಳು ಮೊಣಕಾಲಿನಲ್ಲೇ ಸೀಟಿನಿಂದ ಇಳಿದು, ಕಂಬಿ ಹಿಡಿದು, ಯಂತ್ರದ ಸುತ್ತ ಹೊರಟಿದ್ದರು. ಟಿಪ್ಪರಿನವನಿಗೆ ಕೈ ಲಿವರಿನಿಂದ ತೆಗೆ ಎಂದು ಸನ್ನೆ ಮಾಡಿದರು. ಹಾಪರಿನ ಬಲ ರೆಕ್ಕೆ ರಾತ್ರಿ ಮಡಚಿಟ್ಟಂತೆಯೇ ಇತ್ತು. ಅದರ ಬುಡದ ಮೂಲೆ ಸೀಟಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಅವರು ತೊಟ್ಟಿಯೊಳಗೆ ಬಗ್ಗಿ ಅಲ್ಲಿದ್ದ ಗೋಣಿಚೀಲವನ್ನು ಎತ್ತಿದರು.

ಚೀಲದ ಕೆಳಗೆ ಚಂದ್ರು ಮಲಗಿದ್ದ. ಹೊಟ್ಟೆಗೆ ಮೊಣಕಾಲು ಒತ್ತಿಕೊಂಡು, ಬಾಯಿ ತೆರೆದುಕೊಂಡು, ಸುಖವಾದ ನಿದ್ದೆ. ಗಿಡದ ಕಡೆಯಿಂದ ಬಂದವನಿಗೆ ಚಳಿ ತಡೆದಿರಲಿಲ್ಲ. ಎಂಜಿನ್ನಿನ ಬಿಸಿಗೆ ಹಾಪರಿನ ಒಳಗೋಡೆ ಬೆಚ್ಚಗಿತ್ತು. ಗಾಳಿಯೂ ಬರುತ್ತಿರಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟವನು, ಒಂದು ಗಳಿಗೆ ಎಂದು ಹತ್ತಿ ಮುದುಡಿದ್ದ. ವರ್ಷಗಟ್ಟಲೆ ಕೇಳಿದ ಎಂಜಿನ್ನು, ಹಾರ್ನು ಅವನಿಗೆ ಜೋಗುಳವಾಯಿತೋ ಏನೋ. ಅವನ ನೆತ್ತಿಯ ಮೇಲೆ ಟಿಪ್ಪರಿನ ಡಬ್ಬ, ಅದರೊಳಗೆ ಹೊಗೆಯಾಡುವ ಮಾಲು.

ನಾನು ರೋಲರಿನಿಂದ ಇಳಿದು ಓಡಿ ಬಂದಿದ್ದೆ. ಆಗ ಭಾಯ್ ಮುಖ ನೋಡಿದೆ. ಅಷ್ಟು ವರ್ಷ ಬೆನ್ನು ನೋಡಿದವನು ಅವತ್ತು ಆ ಮುಖ ನೋಡಿದೆ. ಅದು ಬೂದಿ ಬಣ್ಣಕ್ಕೆ ತಿರುಗಿತ್ತು. ನನಗೆ ಅಳು ಬಂತು, ಬಂದದ್ದನ್ನು ಮುಚ್ಚಿಡುವುದೇನು.

ಅವರು ಚಂದ್ರುವನ್ನು ಬೈಯಲಿಲ್ಲ. ಕೆನ್ನೆ ತಟ್ಟಿ ಎಬ್ಬಿಸಿ, "ಏಳಪ್ಪ, ಇದು ಲಾಡ್ಜಲ್ಲ" ಎಂದರು. ಅವನು ಕಣ್ಣುಜ್ಜಿಕೊಂಡು ಕೆಳಗಿಳಿದ. ಮೇಲೆ ಟಿಪ್ಪರನ್ನು ನೋಡಿದ, ಹಾಪರನ್ನು ನೋಡಿದ, ಅಲ್ಲೇ ರಸ್ತೆಯಲ್ಲಿ ಕುಕ್ಕರಿಸಿಬಿಟ್ಟ. ಬೇಲಿಯಾಚೆಯಿಂದ ಬಂದ ಲೋಕೇಶ ಅವನನ್ನು ಕಂಡವನೇ ಬಾಚಿ ತಬ್ಬಿಕೊಂಡು, ಆಮೇಲೆ ಬೆನ್ನಿಗೆ ಗುದ್ದಿ ಗುದ್ದಿ ಅತ್ತ.

ಭಾಯ್ ಹಾಪರಿನ ಅಂಚಿಗೆ ಒರಗಿ ನಿಂತಿದ್ದರು. ನಾನು ನೀರು ಕೊಡಲು ಹೋಗಿ, ರೋಜಾ ಎಂದು ನೆನಪಾಗಿ, ಬಾಟಲು ಹಿಡಿದುಕೊಂಡೇ ನಿಂತೆ. ಅವರು ಅರ್ಧ ಬೆರಳಿನ ಎಡಗೈಯನ್ನು ಆ ರೆಕ್ಕೆಯ ಸಂದಿಯ ಮೇಲಿಟ್ಟು ಮೆಲ್ಲಗೆ ಹೇಳಿದರು: "ನಂದೂ ಇದೇ ಮೂಲೇಲಿ ಹೋಗಿದ್ದು ಕಣೋ. ಆಗ ನಾನು ಹೆಲ್ಪರ್ರು. ಒಳಗೆ ಅಂಟಿದ್ ಮಾಲು ಕೆರೀತಿದ್ದೆ. ಆಪರೇಟ್ರು ರೈಟಾ ಅಂದ್ರು. ಯಾವನೋ ರೈಟ್ ಅಂದ. ರೆಕ್ಕೆ ಎದ್ಬುಡ್ತು. ಅವನೂ ಕೆಟ್ಟೋನಲ್ಲ, ಲೋಕೇಶನ ಹಂಗೇ. ಬೇಗ ಕೆಲ್ಸ ಆಗ್ಲಿ ಅಂತ ಅಂದ."

ಅಷ್ಟರಲ್ಲಿ ಟಿಪ್ಪರಿನ ಡ್ರೈವರ್ ಇಳಿದು ಬಂದ. ಏನು ಮಾತಾಡಬೇಕೋ ತಿಳಿಯದೆ, "ನಿಮ್ ಬೆರಳಿಗೇನಾಯ್ತು ಭಾಯ್?" ಎಂದು ಕೇಳಿದ.

"ಇದಾ? ಕೋತಿ" ಎಂದರು ಭಾಯ್. "ಎಡಕುಮೇರೀಲಿ."

ಆಮೇಲೆ ಕಟಕಟ ಎನ್ನಿಸುತ್ತಾ ಸೀಟು ಹತ್ತಿದರು. ಎಂಜಿನ್ ಶುರುವಾಯಿತು, ಹಾರ್ನ್ ಆಯಿತು. ಮತ್ತೆ ಮೊದಲಿಂದ. "ಚಂದ್ರು, ಏನ್ ತಿಂದೆ?"

ಅವನನ್ನು ರಸ್ತೆ ಬದಿಯಲ್ಲಿ ಕಂಬಳಿ ಹೊದೆಸಿ ಕೂರಿಸಿದ್ದೆವು. ಅಲ್ಲಿಂದಲೇ ಎದ್ದು ನಿಂತು, ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದ: "ಗಂಜಿ!" ಹಾಲು ಹಾಕಿ ಹಿಂದಿರುಗುತ್ತಿದ್ದ ಹೆಂಗಸರು ಕಿಸಕ್ಕೆಂದರು. ನಗಲಿ ಬಿಡಿ. ಎಲ್ಲರದೂ ಆಯಿತು, ನನ್ನದೂ ಆಯಿತು. ಪದ್ಧತಿಯಂತೆ ನಾನು ಕೇಳಿದೆ: "ನಿಮ್ದು ಭಾಯ್?"

ಟವೆಲಿನ ತುದಿ ಮುಖಕ್ಕೆ ಹೋಗಿ ಬಂತು.

"ಜೀವ ಬಾಯಿಗೆ ಬಂದಿತ್ತು. ಅದ್ನೇ ನುಂಗ್ಬುಟ್ಟೆ. ರೋಜಾ ಮುರೀತೋ ಏನೋ, ತಿಳಿದೋರ್ನ ಕೇಳ್ಬೇಕು!"

ಬೆನ್ನು ಕುಲುಕಿತು. ಚಕ್ರ ಉರುಳಿತು.

ಆ ತಿರುವಿನಿಂದ ಈ ತಿರುವಿಗೆ ರಸ್ತೆ ಮುಗಿಯಿತು. ಯಾರ ಮನೆಗೂ ಸುದ್ದಿ ಹೋಗಲಿಲ್ಲ. ಹಬ್ಬದ ದಿನ ನಮ್ಮನ್ನೆಲ್ಲ ಪೇಟೆಯ ಮನೆಗೆ ಕರೆದಿದ್ದರು. ಬಾಗಿಲಲ್ಲೇ ತಡೆದು, "ಏನ್ ತಿಂದ್ಕೊಂಡ್ ಬಂದ್ರಿ? ನಿಜ ಹೇಳಿ" ಎಂದರು. ಬಿರಿಯಾನಿಗೆ ಜಾಗ ಇರಲಿ ಎಂದು ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿದ್ದ ಲೋಕೇಶನಿಗೆ ಒಳ್ಳೆಯ ಬೈಗುಳ ಸಿಕ್ಕಿತು. ಯಾರೋ ಬೆರಳಿನ ಮಾತೆತ್ತಿದಾಗ ಊಟ ಬಡಿಸುತ್ತಾ ಅವರ ಹೆಂಡತಿ ಹೇಳಿದ್ದು ಕೇಳಿ ನನಗೆ ಅನ್ನ ನೆತ್ತಿಗೇರಿತು: "ಬೆರಳಾ? ಸರ್ಕಸ್ ಹುಲಿಗೆ ಬಿಸ್ಕತ್ ಕೊಡೋಕೆ ಹೋಗಿ ಕಳ್ಕೊಂಡ್ರಂತೆ, ಮದ್ವೆಗೆ ಮುಂಚೆ." ಭಾಯ್ ನನ್ನ ಕಡೆ ನೋಡಿ, ಸುಮ್ನಿರು ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಸುಮ್ಮನಿದ್ದೆ. ಇಷ್ಟು ವರ್ಷ ಆಕೆ ಹುಲಿಗೆ ಬಿಸ್ಕತ್ ಕೊಟ್ಟ ಗಂಡನ ಜೊತೆ ಸುಖವಾಗಿದ್ದಾರೆ, ನಾನೇಕೆ ಕೆಡಿಸಲಿ?

ಈಗ ಆನೇಮಹಲ್ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ ಕೆಲಸ. ಹೊಸ ಪೇವರ್ ಬಂದಿದೆ. ಮುಂದೆ ಕ್ಯಾಮೆರಾ, ಸೀಟಿನ ಪಕ್ಕ ಪುಟ್ಟ ಟೀವಿ, ಆ ಮೂಲೆಯೂ ಕಾಣುತ್ತದಂತೆ. ಒಳ್ಳೆಯ ಯಂತ್ರ, ಸುಮ್ಮನೆ ಬೈದರೆ ನನ್ನ ಬಾಯಿಗೇ ಹುಳ ಬೀಳುತ್ತದೆ. ಆಪರೇಟರೂ ಹೊಸಬರು, ಬಯಲುಸೀಮೆ ಕಡೆಯವರು, ಮರ್ಯಾದಸ್ಥರು. ಮೊದಲ ದಿನ ಸೀಟು ಹತ್ತಿ, ಟೀವಿ ನೋಡಿ, ಹಾರ್ನ್ ಹೊಡೆದು, ತಿರುಗಿ ನೋಡಿ ಕೇಳಿದರು: "ರೈಟಾ?"

ಯಾರೂ ರೈಟ್ ಅನ್ನಲಿಲ್ಲ. ಅವರು ಇನ್ನೊಂದು ಸಲ ಕೇಳಿದರು. ಆಗ ಎಡಗಡೆಯಿಂದ, ಯಾರೂ ಕೇಳದೆಯೇ, ಚಂದ್ರು ಕೂಗಿದ: "ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ! ನಮ್ಮಕ್ಕನ ಮನೇದು!" ಬಲಗಡೆಯಿಂದ ಲೋಕೇಶ, "ಉಪ್ಪಿಟ್ಟು!" ಹಲಗೆಯವರು ಹೇಳಿದರು, ಬರ್ಲಿ ಬರ್ಲಿ ಎನ್ನುವವನು ಹೇಳಿದ. ನಾನು ನನ್ನದು ಹೇಳಿ, ಕೇಳಿದೆ: "ನಿಮ್ದು ಸಾರ್?"

"ನಂದಾ?" ಅವರು ಕಕ್ಕಾಬಿಕ್ಕಿಯಾದರು. "ಏನೂ ಇಲ್ಲ. ಬಸ್ಸಿಳಿದು ಸೀದಾ ಬಂದೆ."

ಗೌರಕ್ಕ ಆಗಲೇ ತಟ್ಟೆ ಹಿಡಿದು ಎದ್ದಿದ್ದಳು. ಮಾಲು ತಣ್ಣಗಾಗುತ್ತದೆ ಎಂದು ಟಿಪ್ಪರಿನವನು ಹಾರ್ನ್ ಹೊಡೆದ. "ಸುಮ್ನಿರಣ್ಣ, ಮೊದ್ಲು ನೀನೇನ್ ತಿಂದೆ ಅಂತ ಹೇಳು" ಎಂದು ಲೋಕೇಶ ಅವನನ್ನು ಗದರಿದ. ಆಪರೇಟರು ಇಳಿದು ಬಂದು, ನಮ್ಮೆಲ್ಲರ ಮುಖವನ್ನು ಒಂದು ಸುತ್ತು ನೋಡಿ, ಬೇರೆ ದಾರಿ ಕಾಣದೆ, ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತು ಪೂರ್ತಿ ತಿಂದರು. ಕೈ ತೊಳೆದರು. ಸೀಟು ಹತ್ತಿದರು. ಈ ಊರಿನ ರಿವಾಜು ಅರ್ಥವಾಯಿತೆಂಬ ಸಂತೋಷದಲ್ಲಿ, ತಾವಾಗಿಯೇ ಜೋರಾಗಿ ಹಾರ್ನ್ ಹೊಡೆದು, ಊರಿಗೆಲ್ಲ ಕೇಳುವಂತೆ ಕೂಗಿದರು:

"ಉಪ್ಪಿಟ್ಟು! ಸ್ವಲ್ಪ ಗಂಟಿತ್ತು!"

ಗೌರಕ್ಕ ಸೌಟು ಎತ್ತಿಕೊಂಡು ಯಂತ್ರದ ಕಡೆಗೆ ನುಗ್ಗಿದಳು. ರೇಕು ಬಿಸಾಕಿ ಓಡಿ ಬಂದು, ಎರಡೂ ಕೈ ಅಗಲಿಸಿ ಅವಳಿಗೆ ಅಡ್ಡ ನಿಂತವನು ಚಂದ್ರು.

"ಹತ್ತು ಮಾರು ಆಚೆ ನಿಂತ್ಕೊ ಗೌರಕ್ಕ! ಹತ್ರ ಹೋದ್ರೆ ಡಾಂಬ್ರು ತೆಳ್ಳಗಾಗ್ತೈತೆ."